ಸ್ಕರ್ಟ್ ಮುಂದೆ ಎತ್ತುತ್ತದೆ, ಹಿಂದೆ ಬಾಯಿ ಬಿಡುತ್ತದೆ: ಏನು ಮಾಡಲಿ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮದು ಬನಹಟ್ಟಿ. ವಯಸ್ಸು 38. ಮನೆಯಲ್ಲೇ ಮಷಿನ್ ಇದೆ. ಪರಕಾರ, ಜಂಪರ್, ಮಕ್ಕಳ ಫ್ರಾಕ್ ಎಲ್ಲ ಹೊಲಿಯುತ್ತೇನೆ. ಕುರ್ತಿ ಜೊತೆ ಹಾಕಿಕೊಳ್ಳಲು ಉದ್ದನೆಯ ಎ-ಲೈನ್ (ಕೆಳಗೆ ಹೋದಂತೆ ಅಗಲವಾಗುವ) ಸ್ಕರ್ಟ್ ಹೊಲಿಯೋಣ ಅಂತ ವಿಡಿಯೋ ನೋಡಿ ಕಾಟನ್ ಬಟ್ಟೆ ಕತ್ತರಿಸಿದೆ. ಸೊಂಟ 34, ಸೀಟ್ (ಪೃಷ್ಠದ ಸುತ್ತಳತೆ) 41, ಉದ್ದ 38 ಇಂಚು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಸಡಿಲ ಸೇರಿಸಿದ ಅಳತೆಯ ಕಾಲು ಭಾಗ ಇಟ್ಟು, ಮಾರ್ಜಿನ್ ಬಿಟ್ಟು, ಪಕ್ಕದಲ್ಲಿ ಶೇಪ್ ಕೊಟ್ಟೆ. ಹಾಕಿಕೊಂಡು ನೋಡಿದರೆ ಮುಂದೆ ಕೆಳಗಿನ ಅಂಚು ಒಂದು ಇಂಚು ಮೇಲೆ ಎತ್ತಿದೆ. ಹಿಂದೆ ಬೆಲ್ಟ್ ಬಾಯಿ ಬಿಡುತ್ತದೆ, ಅದರ ಕೆಳಗೆ ಅಡ್ಡ ಮಡಿಕೆ ಬೀಳುತ್ತದೆ. ಸೊಂಟದ ಕೆಳಗೆ ಎರಡೂ ಪಕ್ಕ ಬಟ್ಟೆ ಉಬ್ಬಿ ನಿಲ್ಲುತ್ತದೆ. ನಮ್ಮ ಓಣಿಯ ಟೇಲರ್ "ಎರಡು ಹೆರಿಗೆ ಆದ ಮೇಲೆ ಇಲಾಸ್ಟಿಕ್ ಸ್ಕರ್ಟೇ ಸರಿ" ಅಂದರು. ಪಕ್ಕದ ಮನೆಯವರು "ಕಾಗದದ ಮೇಲೆ ಪ್ಯಾಟರ್ನ್ ತೆಗೆಯೋದು ಫ್ಯಾಷನ್ ಡಿಸೈನ್ ಓದಿದವರ ಕೆಲಸ" ಅನ್ನುತ್ತಾರೆ. ಗುಳೇದಗುಡ್ಡದ ಖಣದಲ್ಲಿ ಒಂದು ಸ್ಕರ್ಟ್ ಮಾಡಿಕೊಳ್ಳುವ ಆಸೆ. ನಾನು ನೋಡಿಟ್ಟ ಖಣದ ಪನ್ನ (ಬಟ್ಟೆಯ ಅಗಲ) 31 ಇಂಚು. ಕೆಡಿಸಿಬಿಡುತ್ತೇನೇನೋ ಅಂತ ಭಯ. ಈ ಕಾಟನ್ ಸ್ಕರ್ಟನ್ನು ಉಳಿಸಬಹುದಾ? ಹೊಸದಾಗಿ ಕತ್ತರಿಸಿದರೆ 44 ಪನ್ನದ ಬಟ್ಟೆ ಎಷ್ಟು ಬೇಕು?

ಉತ್ತರ: ತಂಗಿ, ಅಳತೆಯನ್ನೂ ದೋಷವನ್ನೂ ಬಿಡಿಬಿಡಿಯಾಗಿ ಬರೆದಿದ್ದೀರಿ. ಅದರಿಂದ ನನ್ನ ಅರ್ಧ ಕೆಲಸ ಮುಗಿಯಿತು. ನೀವು ಹೇಳಿದ ನಾಲ್ಕೂ ದೋಷಗಳಿಗೆ ಮೂಲ ಒಂದೇ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿ ಹಾಕಿದ ಕೂಡಲೇ ನಿಮ್ಮ ಮೈ ಮುಂದೆಯೂ ಹಿಂದೆಯೂ ಒಂದೇ ಆಕಾರ ಅಂತ ಆಗಿಹೋಯಿತು. ಯಾರ ಮೈಯೂ ಹಾಗಿರುವುದಿಲ್ಲ. ಹೊಟ್ಟೆ ಮುಂದಕ್ಕಿರುತ್ತದೆ, ಸೀಟ್ ಹಿಂದಕ್ಕಿರುತ್ತದೆ, ಬೆನ್ನಿನ ಬುಡ ಒಳಕ್ಕೆ ಹೋಗಿರುತ್ತದೆ. ಕಾಲು ಭಾಗದ ಲೆಕ್ಕ ಸುತ್ತಳತೆಯನ್ನು ಸರಿಯಾಗಿಯೇ ಕೊಡುತ್ತದೆ. ಆಕಾರವನ್ನು ಕೊಡುವುದಿಲ್ಲ.

ಹಾಗಾದರೆ ಅದೇ ಲೆಕ್ಕದಲ್ಲಿ ಹೊಲಿದ ಪರಕಾರ ಸರಿಯಾಗಿ ಕೂರುತ್ತದಲ್ಲ ಅಂತ ನೀವು ಕೇಳಬಹುದು. ಪರಕಾರಕ್ಕೆ ಲಾಡಿ ಇದೆ. ಲಾಡಿ ಎಳೆದಾಗ ನೆರಿಗೆಗಳು ತಾವಾಗಿಯೇ ಬೇಕಾದ ಕಡೆ ಸರಿದುಕೊಳ್ಳುತ್ತವೆ. ಹಿಂದೆ ಜಾಸ್ತಿ, ಮುಂದೆ ಕಡಿಮೆ. ಓಣಿಯ ಟೇಲರ್‌ಗಳು ಕಾಗದವಿಲ್ಲದೆ ನೇರ ಬಟ್ಟೆ ಮೇಲೆ ಚಾಕ್ ಹಿಡಿಯುತ್ತಾರೆ ಅನ್ನುವುದೂ ನಿಜ. ಒಂದೇ ಆಕಾರವನ್ನು ದಿನಾ ಕತ್ತರಿಸಿ ಅವರ ಕೈ ಪಳಗಿರುತ್ತದೆ. ಜೊತೆಗೆ ಮಾರ್ಜಿನ್ ಧಾರಾಳ ಬಿಟ್ಟು, ಟ್ರಯಲ್ ನೋಡಿ ಸರಿ ಮಾಡುತ್ತಾರೆ. ನೆರಿಗೆ ಇಲ್ಲದ, ಬೆಲ್ಟ್ ಇರುವ ಸ್ಕರ್ಟ್‌ನಲ್ಲಿ ಬಟ್ಟೆಗೆ ಸರಿದುಕೊಳ್ಳಲು ಜಾಗವೇ ಇಲ್ಲ. ಅಲ್ಲಿ ನೀವೇ ಮೊದಲು ಯೋಚಿಸಿ ಇಡಬೇಕು. ಅದಕ್ಕೆ ಕಾಗದ. ಬೇಕಾಗಿರುವುದು ಕೂಡು-ಕಳೆ ಲೆಕ್ಕ, ಒಂದು ಟೇಪು, ಅಂಟಿಸಿದ ಹಳೆ ಪೇಪರ್ ಅಷ್ಟೇ. ಜಂಪರ್ ಕತ್ತರಿಸಲು ಬರುವ ನಿಮಗೆ ಇದು ಕಷ್ಟವೇ ಅಲ್ಲ.

ಇಲಾಸ್ಟಿಕ್ ಮಾತು. ಇಲಾಸ್ಟಿಕ್ ಕೆಟ್ಟದ್ದೇನಲ್ಲ. ಆದರೆ ಅದು ಸೀಟ್ ದಾಟಿ ಮೇಲೆ ಬರಬೇಕು, ಅಂದರೆ ಸೊಂಟದ ಬಟ್ಟೆಯೂ 43 ಇಂಚು ಇರಬೇಕು. 34 ಇಂಚಿನ ಸೊಂಟದಲ್ಲಿ 9 ಇಂಚು ಬಟ್ಟೆ ಸುಕ್ಕಾಗಿ ಕೂರುತ್ತದೆ. ಅದರಲ್ಲಿ ಅರ್ಧ ಹೊಟ್ಟೆಯ ಮೇಲೇ ಬಂದು, ಹೊಟ್ಟೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೇಕಿದ್ದರೆ ಹಿಂದೆ ಮಾತ್ರ ಇಲಾಸ್ಟಿಕ್ ಹಾಕಿ, ಮುಂದೆ ಸಪಾಟ ಬೆಲ್ಟ್ ಇಡಿ. ದಿನವಿಡೀ ಕೂತು ಕೆಲಸ ಮಾಡುವವರಿಗೆ ನಾನೇ ಹಾಗೆ ಹೊಲಿಸಿಕೊಳ್ಳಿ ಅನ್ನುತ್ತೇನೆ. ಹೆರಿಗೆ ಆಗಿದೆ ಅನ್ನುವ ಕಾರಣಕ್ಕೆ ಇಲಾಸ್ಟಿಕ್ಕೇ ಗತಿ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಮೈಯಲ್ಲಿ ಯಾವ ದೋಷವೂ ಇಲ್ಲ.

ಈಗ ಒಂದೊಂದೇ ನೋಡೋಣ. ನಿಮ್ಮ ಸೀಟ್ 41. ಓಡಾಡಲು, ಕೂರಲು 2 ಇಂಚು ಸಡಿಲ ಸೇರಿಸಿದರೆ 43. ಸೊಂಟ 34, 1 ಇಂಚು ಸಡಿಲ ಸೇರಿಸಿ 35. ಎರಡರ ನಡುವೆ 8 ಇಂಚು ವ್ಯತ್ಯಾಸ. ಅಂದರೆ ಕಾಲು ಭಾಗಕ್ಕೆ 2 ಇಂಚು. ವಿಡಿಯೋ ನೋಡಿ ನೀವು ಆ 2 ಇಂಚನ್ನೂ ಪಕ್ಕದಲ್ಲೇ ಕತ್ತರಿಸಿ ತೆಗೆದಿದ್ದೀರಿ. ಪಕ್ಕದ ಗೆರೆ ಅಷ್ಟು ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಅಲ್ಲಿ ಬಟ್ಟೆ ಉಬ್ಬದೆ ಇನ್ನೇನಾಗುತ್ತದೆ? ಪಕ್ಕದಲ್ಲಿ ಮುಕ್ಕಾಲು ಇಂಚಿಗಿಂತ ಜಾಸ್ತಿ ತೆಗೆಯಬಾರದು. ಉಳಿದದ್ದು ಸೊಂಟದಿಂದ ಕೆಳಗೆ ಮೊನೆಯಾಗಿ ಮಡಿಚಿ ಹೊಲಿಯುವ ಟಕ್ಸ್‌ಗೆ ಹೋಗಬೇಕು. ಒಂದು ತುಂಬಿದ ಕೊಡಕ್ಕೆ ಕಾಗದ ಸುತ್ತಿ ನೋಡಿ. ಹೊಟ್ಟೆಯ ಭಾಗದಲ್ಲಿ ಸರಿಯಾಗಿ ಅಂಟುತ್ತದೆ, ಕುತ್ತಿಗೆಯ ಹತ್ತಿರ ಮಿಕ್ಕ ಕಾಗದ ಮಡಿಕೆಯಾಗಿ ನಿಲ್ಲುತ್ತದೆ. ಆ ಮಡಿಕೆ ಎಲ್ಲಿ ಬರುತ್ತದೋ ಅಲ್ಲಿಯೇ ಟಕ್ಸ್. ನಿಮ್ಮ ಸ್ಕರ್ಟ್‌ನ ಹಿಂಭಾಗದಲ್ಲಿ ಟಕ್ಸ್ ಇಲ್ಲ. ಅದಕ್ಕೇ ಬೆಲ್ಟ್ ಬಾಯಿ ಬಿಡುತ್ತದೆ.

8 ಇಂಚನ್ನು ನಿಮಗೆ ನಾನು ಹೀಗೆ ಹಂಚುತ್ತೇನೆ. ಮುಂದಿನ ಎರಡು, ಹಿಂದಿನ ಎರಡು, ಒಟ್ಟು ನಾಲ್ಕು ಪಕ್ಕದ ಅಂಚುಗಳಲ್ಲಿ ಮುಕ್ಕಾಲು ಮುಕ್ಕಾಲು, ಒಟ್ಟು 3 ಇಂಚು. ಮುಂದೆ ಎಡಕ್ಕೊಂದು ಬಲಕ್ಕೊಂದು ಅರ್ಧ ಇಂಚಿನ ಟಕ್ಸ್, ಒಟ್ಟು 1 ಇಂಚು. ಹಿಂದೆ ಪ್ರತಿ ಬದಿಗೆ 1 ಇಂಚಿನ ಎರಡೆರಡು ಟಕ್ಸ್, ಒಟ್ಟು 4 ಇಂಚು. ಮುಂದೆ ಯಾಕೆ ಇಷ್ಟು ಕಡಿಮೆ ಅಂದರೆ, ಹೊಟ್ಟೆ ಮುಂದೆ ಇದ್ದಾಗ ಸೊಂಟಕ್ಕೂ ಹೊಟ್ಟೆಗೂ ಅಳತೆಯಲ್ಲಿ ವ್ಯತ್ಯಾಸ ಕಡಿಮೆ. ಅಲ್ಲಿ ದೊಡ್ಡ ಟಕ್ಸ್ ಹಾಕಿದರೆ ತುದಿಯಲ್ಲಿ ಬಟ್ಟೆ ಮೊನೆಯಾಗಿ ಎದ್ದು ನಿಲ್ಲುತ್ತದೆ. ಮುಂದಿನ ಟಕ್ಸ್ ಉದ್ದ 3½ ಇಂಚು ಸಾಕು. ಹಿಂದೆ ನಡುವಿನ ಹತ್ತಿರದ್ದು 5, ಪಕ್ಕದ ಹತ್ತಿರದ್ದು 4½.

ಇನ್ನು ಮುಂದೆ ಅಂಚು ಎತ್ತುವುದು, ಹಿಂದೆ ಅಡ್ಡ ಮಡಿಕೆ ಬೀಳುವುದು. ಇವೆರಡೂ ಉದ್ದದ ದೋಷ, ಅಗಲದ್ದಲ್ಲ. ಬಟ್ಟೆ ಹೊಟ್ಟೆಯ ಮೇಲೆ ಹಾದು ಕೆಳಗೆ ಬರಬೇಕು. ಆ ದಾರಿ ಉದ್ದ. ಬಟ್ಟೆ ಸಾಲದಿದ್ದಾಗ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹಿಂದೆ ಬೆನ್ನಿನ ಬುಡದಲ್ಲಿ ತಗ್ಗಿದೆ, ಅಲ್ಲಿ ಬಟ್ಟೆ ಮಿಕ್ಕುತ್ತದೆ. ಮಿಕ್ಕದ್ದು ಬೆಲ್ಟ್ ಕೆಳಗೆ ಮಡಿಕೆಯಾಗಿ ಕೂರುತ್ತದೆ. ಬಹಳ ಜನ ಈ ಮಡಿಕೆ ನೋಡಿ ಸ್ಕರ್ಟ್ ಬಿಗಿಯಾಯಿತು ಅಂದುಕೊಂಡು ಪಕ್ಕದ ಹೊಲಿಗೆ ಬಿಚ್ಚುತ್ತಾರೆ. ಬಿಚ್ಚಿದರೂ ಮಡಿಕೆ ಹೋಗುವುದಿಲ್ಲ. ಪತ್ತೆ ಮಾಡುವುದು ಸುಲಭ. ಆ ಮಡಿಕೆಯನ್ನು ಬೆರಳಲ್ಲಿ ಹಿಡಿದು ಬೆಲ್ಟ್ ಕಡೆಗೆ ಮೇಲೆ ಎತ್ತಿ. ಸಪಾಟ ಆಯಿತಾ? ಹಾಗಾದರೆ ಉದ್ದವೇ ಜಾಸ್ತಿ.

ಇದಕ್ಕೆ ಒಂದೇ ಒಂದು ಹೊಸ ಅಳತೆ ಬೇಕು, ಅದನ್ನು ವಿಡಿಯೋಗಳಲ್ಲಿ ಹೇಳುವುದು ಕಡಿಮೆ. ಸೊಂಟಕ್ಕೆ ಒಂದು ಲಾಡಿ ಕಟ್ಟಿಕೊಳ್ಳಿ. ಒಂದೆರಡು ಸಲ ಬಗ್ಗಿ ಏಳಿ. ಲಾಡಿ ತಾನಾಗಿ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಸೊಂಟ. ಈಗ ನೇರ ನಿಂತು, ಮನೆಯವರ ಕೈಯಲ್ಲಿ ಲಾಡಿಯಿಂದ ನೆಲದವರೆಗೆ ಮೂರು ಕಡೆ ಅಳೆಸಿ: ಮುಂದೆ ನಡುವೆ, ಪಕ್ಕದಲ್ಲಿ, ಹಿಂದೆ ನಡುವೆ. ನೀವೇ ಬಗ್ಗಿ ಅಳೆಯಬೇಡಿ, ಬಗ್ಗಿದ ಕೂಡಲೇ ಅಳತೆ ಬದಲಾಗುತ್ತದೆ. ಉದಾಹರಣೆಗೆ ಮುಂದೆ 40½, ಪಕ್ಕ 40, ಹಿಂದೆ 39½ ಬಂತು ಅಂದುಕೊಳ್ಳಿ. ಸ್ಕರ್ಟ್ ನೆಲದಿಂದ 2 ಇಂಚು ಮೇಲೆ ಇರಬೇಕಾದರೆ ಮೂರರಲ್ಲೂ 2 ಕಳೆಯಿರಿ: 38½, 38, 37½. ಈ ಮೂರು ಅಂಕೆಗಳೇ ನಿಮ್ಮ ಸ್ಕರ್ಟನ್ನು ನಿಮ್ಮದನ್ನಾಗಿ ಮಾಡುವುದು. ಸೊಂಟದಿಂದ 4 ಇಂಚು ಕೆಳಗೆ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಟಕ್ಸ್ ಮತ್ತು ಪಕ್ಕದ ತಿರುವು ಕಳೆದ ಮೇಲೆ ಆ ಜಾಗದಲ್ಲಿ ಪ್ಯಾಟರ್ನ್‌ನ ಒಟ್ಟು ಅಗಲ ಹೊಟ್ಟೆಗಿಂತ ಕನಿಷ್ಠ 1 ಇಂಚು ಜಾಸ್ತಿ ಇರಬೇಕು.

ಕಾಗದಕ್ಕೆ ಬನ್ನಿ. ಮುಂಭಾಗ ಒಂದು ಹಾಳೆ, ಹಿಂಭಾಗ ಇನ್ನೊಂದು ಹಾಳೆ. ಎಡಗಡೆ ಉದ್ದಕ್ಕೆ ನಡುಗೆರೆ ಎಳೆಯಿರಿ. ಕೆಳಗಿನಿಂದ 30 ಇಂಚು ಮೇಲೆ ಅಡ್ಡ ಗೆರೆ, ಅದು ಸೀಟ್ ಗೆರೆ. ಅದರ ಮೇಲೆ 43ರ ಕಾಲು ಭಾಗ, ಅಂದರೆ 10¾ ಇಂಚು ಗುರುತು. ಮುಂದಿನ ಹಾಳೆಯಲ್ಲಿ ನಡುವೆ 38½, ಪಕ್ಕದಲ್ಲಿ 38. ಹಿಂದಿನ ಹಾಳೆಯಲ್ಲಿ ನಡುವೆ 37½, ಪಕ್ಕದಲ್ಲಿ 38. ಪಕ್ಕದ ತುದಿಯನ್ನು ಮುಕ್ಕಾಲು ಇಂಚು ಒಳಗೆ ಸರಿಸಿ, ಸೀಟ್ ಗೆರೆಗೆ ನಿಧಾನವಾದ ತಿರುವಿನಲ್ಲಿ ಸೇರಿಸಿ. ಅಲ್ಲಿಂದ ಕೆಳಗೆ ನೇರ ಹೋಗಿ ಅಂಚಿನಲ್ಲಿ 1½ ಇಂಚು ಹೊರಗೆ ಬನ್ನಿ. ಪಕ್ಕದ ಗೆರೆ ಓರೆಯಾದ್ದರಿಂದ ಅದರ ಉದ್ದವನ್ನೂ ಓರೆಯಲ್ಲೇ ಅಳೆದು 38ಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಪಕ್ಕದ ಮೂಲೆಗಳು ಜೋತು ಬೀಳುತ್ತವೆ. ಸೊಂಟದ ಗೆರೆ ನಡುವಿನ ಹತ್ತಿರ ಒಂದು ಇಂಚಿನಷ್ಟು ಅಡ್ಡವಾಗಿಯೇ ಹೋಗಲಿ, ಆಮೇಲೆ ತಿರುಗಲಿ. ನಡುವೆಯೇ ಓರೆ ಶುರು ಮಾಡಿದರೆ ಬಟ್ಟೆ ಬಿಡಿಸಿದಾಗ ಅಲ್ಲಿ ಮೂಲೆ ಕಾಣುತ್ತದೆ.

ಟಕ್ಸ್ ಗುರುತು ಮಾಡಿದ ಮೇಲೆ ಅವನ್ನು ಕಾಗದದಲ್ಲೇ ಮಡಿಚಿ, ಮಡಿಚಿದ ಹಾಗೇ ಸೊಂಟದ ಗೆರೆ ಕತ್ತರಿಸಿ. ಬಿಡಿಸಿದಾಗ ಟಕ್ಸ್ ಬಾಯಲ್ಲಿ ಚಿಕ್ಕ ಮೊನೆ ಉಳಿದಿರುತ್ತದೆ. ಅದು ಇರಲೇಬೇಕು. ಅದಿಲ್ಲದಿದ್ದರೆ ಟಕ್ಸ್ ಹೊಲಿದ ಮೇಲೆ ಸೊಂಟದಲ್ಲಿ ತಗ್ಗು ಬೀಳುತ್ತದೆ, ಬೆಲ್ಟ್ ಹಿಡಿಯಲು ಬಟ್ಟೆ ಸಿಗುವುದಿಲ್ಲ.

ಇಷ್ಟಾದರೆ ಬಹುತೇಕ ನೇರ ಸ್ಕರ್ಟ್ ಆಯಿತು. ಎ-ಲೈನ್ ಆಗಲು ಘೇರು, ಅಂದರೆ ಕೆಳಗೆ ಅಗಲ, ಬೇಕು. ಈ ಕೆಲಸ ನನಗೆ ಬಹಳ ಪ್ರೀತಿಯದು. ಅಂಚಿನಿಂದ ಟಕ್ಸ್ ತುದಿಯವರೆಗೆ ಕಾಗದವನ್ನು ನೇರ ಕತ್ತರಿಸಿ. ಈಗ ಟಕ್ಸ್ ಮುಚ್ಚಿ. ಕೆಳಗೆ ಕಾಗದ ತಾನಾಗಿ ತೆರೆದುಕೊಳ್ಳುತ್ತದೆ. ಹಿಂದಿನ 5 ಇಂಚು ಉದ್ದದ, 1 ಇಂಚು ಅಗಲದ ಟಕ್ಸ್ ಮುಚ್ಚಿದರೆ ಅಂಚಿನಲ್ಲಿ ಸುಮಾರು 6½ ಇಂಚು ತೆರೆಯುತ್ತದೆ. ಮುಂದಿನ ಅರ್ಧ ಇಂಚಿನದು ಮುಚ್ಚಿದರೆ ಸುಮಾರು 5 ಇಂಚು. ಅಂದರೆ ಸೊಂಟದಲ್ಲಿ ಬೇಡವಾದ ಬಟ್ಟೆಯೇ ಕೆಳಗೆ ಘೇರಾಗಿ ಬಂತು. ಹಿಂದಿನ ಎರಡೂ ಟಕ್ಸ್ ಮುಚ್ಚಬೇಡಿ, ಘೇರು ಹಿಂದೆಯೇ ಜಾಸ್ತಿಯಾಗಿ ಜೋತು ಬೀಳುತ್ತದೆ. ಒಂದು ಮುಚ್ಚಿ, ಒಂದು ಹೊಲಿಯಿರಿ. ಸೀಟ್ ಹತ್ತಿರವೂ ಕಾಲು ಭಾಗಕ್ಕೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಸಡಿಲ ಆಗುತ್ತದೆ. ಎ-ಲೈನ್‌ಗೆ ಅದು ಒಳ್ಳೆಯದೇ. ಅಂಚಿನ ಒಟ್ಟು ಸುತ್ತು 72 ಇಂಚಿನ ಹತ್ತಿರ ಬರುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲು ಆರಾಮ.

ಪ್ಯಾಟರ್ನ್ ಆಯಿತು ಅಂತ ನೇರ ಹೊಸ ಬಟ್ಟೆಗೆ ಹೋಗಬೇಡಿ. ಹಳೆ ಬೆಡ್‌ಶೀಟ್ ಅಥವಾ ಧೋತ್ರದಲ್ಲಿ ಒಮ್ಮೆ ಕಚ್ಚಾ ಹೊಲಿಗೆ ಹಾಕಿ ನೋಡಿ. ಹಳೆ ನೈಲಾನ್ ಸೀರೆ ಬೇಡ, ಅದು ಹರಿದಾಡುತ್ತದೆ, ನಿಜ ತೋರಿಸುವುದಿಲ್ಲ. ಅರ್ಧ ಸ್ಕರ್ಟ್ ಸಾಲದು, ಪೂರ್ತಿ ಹೊಲಿಯಿರಿ. ನಿಂತು ನೋಡಿ, ಕೂತು ನೋಡಿ. ಪಕ್ಕದ ಹೊಲಿಗೆ ನೆಲಕ್ಕೆ ನೇರವಾಗಿ ಬಿದ್ದಿದೆಯಾ? ಮುಂದಕ್ಕೆ ವಾಲಿದರೆ ಮುಂದೆ ಉದ್ದ ಇನ್ನೂ ಸಾಲದು ಅಂತ ಅರ್ಥ. ತಿದ್ದಿದ್ದನ್ನು ಪೆನ್ನಿನಲ್ಲಿ ಬಟ್ಟೆ ಮೇಲೆ ಬರೆದು, ಕಾಗದಕ್ಕೂ ಸೇರಿಸಿ.

ಬಟ್ಟೆಯ ವಿಷಯ ನಿಮಗೆ ನಾನು ಹೇಳಬೇಕಾ? ನೀವು ನೇಕಾರರ ಊರಿನವರು. ಆದರೂ ಎರಡು ಮಾತು. ಹಾಸು ಎಳೆ ಸ್ಕರ್ಟ್‌ನ ನಡುಗೆರೆಗೆ ಸರಿಯಾಗಿ ಇಳಿಯಬೇಕು. ಅಂಗಡಿಯಲ್ಲಿ ಕತ್ತರಿಯಿಂದ ಕತ್ತರಿಸಿ ಕೊಟ್ಟಿದ್ದರೆ ಅಂಚು ಓರೆ ಇರುವ ಸಾಧ್ಯತೆ ಜಾಸ್ತಿ. ಒಂದು ಹೊಕ್ಕಿನ ಎಳೆ ಹಿಡಿದು ಎಳೆಯಿರಿ, ಎಳೆ ಹೋದ ಗೆರೆಯಲ್ಲೇ ಕತ್ತರಿಸಿ. ಕಾಟನ್ ಆದರೆ ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಿಡಿಯಿರಿ. ಕೈಮಗ್ಗದ ಕಾಟನ್ ಮೀಟರಿಗೆ ಒಂದೆರಡು ಇಂಚು ಕುಗ್ಗುವುದುಂಟು. ಎ-ಲೈನ್‌ನ ಪಕ್ಕದ ಭಾಗ ಸ್ವಲ್ಪ ಕ್ರಾಸ್ ಆಗಿ ಬೀಳುವುದರಿಂದ ಜೋಲುತ್ತದೆ. ಬೆಲ್ಟ್ ಹಾಕಿದ ಮೇಲೆ ಒಂದು ರಾತ್ರಿ ಹ್ಯಾಂಗರ್‌ಗೆ ತೂಗುಹಾಕಿ, ಮರುದಿನ ಹಾಕಿಕೊಂಡು ನೆಲದಿಂದ ಸ್ಕೇಲ್ ಹಿಡಿದು ಅಂಚು ಗುರುತಿಸಿ. ಆಮೇಲೆ ಹೆಮ್ಮಿಂಗ್.

ಈಗಾಗಲೇ ಹೊಲಿದ ಸ್ಕರ್ಟ್ ಉಳಿಯುತ್ತದೆ, ಎಸೆಯಬೇಡಿ. ಕೆಟ್ಟಿರುವುದು ಮೇಲಿನ 8 ಇಂಚು ಮಾತ್ರ. ಸೀಟ್ ಹತ್ತಿರ 43 ಇಂಚು ಇದೆ, ಅದು ಸರಿಯಾಗಿದೆ. ಕೆಳಗಿನ ಅಂಚಿನಿಂದ ಸುತ್ತಲೂ 30½ ಇಂಚು ಅಳೆದು ಗುರುತು ಮಾಡಿ, ಅಲ್ಲಿ ಕತ್ತರಿಸಿ, ಮೇಲಿನ ಭಾಗ ತೆಗೆದುಹಾಕಿ. ಅರ್ಧ ಇಂಚು ಮಾರ್ಜಿನ್. ಅದರ ಜಾಗಕ್ಕೆ ಯೋಕ್, ಅಂದರೆ ಸೊಂಟದಿಂದ ಸೀಟ್ ಗೆರೆಯವರೆಗಿನ ಬೇರೆ ತುಂಡು, ಕೂರಿಸಿ. ಯೋಕ್ ಎಲ್ಲಿಂದ? ನಿಮ್ಮ ಹೊಸ ಕಾಗದದಿಂದಲೇ. ಘೇರಿಗಾಗಿ ಕತ್ತರಿಸುವ ಮೊದಲೇ ಸೀಟ್ ಗೆರೆಯ ಮೇಲಿನ ಭಾಗವನ್ನು ಇನ್ನೊಂದು ಹಾಳೆಗೆ ನಕಲು ಮಾಡಿಕೊಳ್ಳಿ. ಅದರಲ್ಲಿ ಎಲ್ಲ ಟಕ್ಸ್ ತುದಿಗಳನ್ನೂ ಸೀಟ್ ಗೆರೆಯವರೆಗೆ ಎಳೆದು, ಮಡಿಚಿ ಮುಚ್ಚಿ. ಬಾಗಿದ ಆಕಾರದ ತುಂಡು ಸಿಗುತ್ತದೆ. ಟಕ್ಸ್ ಇಲ್ಲದ ಯೋಕ್ ಇದು. ಸುತ್ತಲೂ ಮಾರ್ಜಿನ್ ಬಿಟ್ಟು ಕತ್ತರಿಸಿ. ಬಣ್ಣ ಹೊಂದುವ ಬೇರೆ ಬಟ್ಟೆಯಾದರೂ ನಡೆಯುತ್ತದೆ, ಮೇಲೆ ಕುರ್ತಿ ಬರುತ್ತದಲ್ವಾ. ಉದ್ದದ ವ್ಯತ್ಯಾಸವೆಲ್ಲ ಯೋಕ್‌ನಲ್ಲೇ ಇರುವುದರಿಂದ ಎತ್ತಿದ ಅಂಚು ತಾನಾಗಿ ಸರಿಯಾಗುತ್ತದೆ. ಅಪಾಯ ಒಂದೇ. ಯೋಕ್‌ನ ಅಂಚು ಬಾಗಿರುವುದರಿಂದ ಕೈಯಲ್ಲೇ ಹಿಗ್ಗುತ್ತದೆ. ಕತ್ತರಿಸಿದ ಕೂಡಲೇ ಅಂಚಿಗೆ ಒಂದು ಹೊಲಿಗೆ ಹಾಕಿ, ಒಳಗೆ ಅಸ್ತರ್ ಕೊಡಿ.

ಖಣಕ್ಕೆ ಬರೋಣ. ಖಣ ಕುಪ್ಪಸಕ್ಕೆಂದು ನೇಯ್ದ ಬಟ್ಟೆ, ಅದಕ್ಕೇ ಪನ್ನ ಚಿಕ್ಕದು. ನಿಮ್ಮ ಮುಂದೆ ಎರಡು ದಾರಿಗಳಿವೆ.

ಒಂದು, ಆರು ಕಲಿ, ಅಂದರೆ ಮೇಲೆ ಕಿರಿದು ಕೆಳಗೆ ಅಗಲವಾದ ಆರು ಪಟ್ಟಿ. ಪ್ರತಿ ಕಲಿ ಸೊಂಟದಲ್ಲಿ 35ರ ಆರನೇ ಒಂದು ಭಾಗ, ಸೀಟ್‌ನಲ್ಲಿ 43ರ ಆರನೇ ಒಂದು ಭಾಗ, ಅಂಚಿನಲ್ಲಿ 14 ಇಂಚು. ಎರಡೂ ಕಡೆ ಮುಕ್ಕಾಲು ಇಂಚು ಮಾರ್ಜಿನ್ ಸೇರಿ ಅಂಚು 15½. 31 ಪನ್ನದಲ್ಲಿ ಸರಿಯಾಗಿ ಎರಡು ಕಲಿ ಕೂರುತ್ತವೆ. ಮೂರು ಉದ್ದ ಬೇಕು, 3¼ ಮೀಟರ್ ಖಣ. ಕಲಿಗಳನ್ನು ಉಲ್ಟಾ ಸುಲ್ಟಾ ಇಟ್ಟರೆ ಅಷ್ಟೇ ಬಟ್ಟೆಯಲ್ಲಿ ಘೇರು ಜಾಸ್ತಿ ಸಿಗುತ್ತದೆ, ಪರಕಾರಕ್ಕೆ ನಾವೆಲ್ಲ ಹಾಗೇ ಕತ್ತರಿಸುವುದು. ಆದರೆ ತೇರಿನ ಬುಟ್ಟಾ ಇರುವ ಖಣದಲ್ಲಿ ಹಾಗೆ ಮಾಡಿದರೆ ಅರ್ಧ ತೇರುಗಳು ತಲೆಕೆಳಗಾಗುತ್ತವೆ. ಜೊತೆಗೆ ಖಣದ ಅಂಚು ಓರೆ ಕತ್ತರಿಯಲ್ಲಿ ಹೋಗಿಬಿಡುತ್ತದೆ. ಇಷ್ಟು ಚೆಂದದ ಅಂಚು ಕಸದ ಬುಟ್ಟಿಗೆ ಹೋಗುವುದು ನನಗೆ ಸಹಿಸದು.

ಎರಡನೆಯದು ನಮ್ಮ ಹಳೆ ಪರಕಾರದ ಉಪಾಯ, ನಿಮಗೆ ನಾನು ಹೇಳುವುದು ಇದನ್ನೇ. ಬಟ್ಟೆಯನ್ನು ಅಡ್ಡಲಾಗಿ ಸುತ್ತಿ. ಪನ್ನವೇ ಉದ್ದವಾಗುತ್ತದೆ, ಅಂಚು ಕಾಲ ಹತ್ತಿರ ಬರುತ್ತದೆ. 31ರಲ್ಲಿ ಮೇಲೆ ಕೆಳಗೆ ಅರ್ಧರ್ಧ ಇಂಚು ಹೋದರೆ 30. ಮೇಲೆ ನಿಮ್ಮ 8 ಇಂಚಿನ ಅದೇ ಯೋಕ್. ಒಟ್ಟು 38, ನಿಮಗೆ ಬೇಕಾದ ಉದ್ದ. ಯೋಕ್ ಕೆಳಗೆ ಎರಡರಷ್ಟು ನೆರಿಗೆ ಅಂದರೆ 86 ಇಂಚು, 2¼ ಮೀಟರ್ ಸಾಕು. ಕೊಳ್ಳುವ ಮೊದಲು ಖಣವನ್ನು ಅಡ್ಡ ಹಿಡಿದು ಬುಟ್ಟಾ ನೋಡಿ. ಸೂಜಿ ಮಲ್ಲಿಗೆಯಂಥ ಸಣ್ಣ ಬುಟ್ಟಾ ಆದರೆ ಯಾವ ಕಡೆ ತಿರುಗಿದರೂ ಸರಿ. ತೇರು ಮಲಗಿದಂತೆ ಕಂಡರೆ ಬೇರೆ ಖಣ ಆರಿಸಿ. ಖಣದ ಎಳೆ ಕತ್ತರಿಸಿದ ಕಡೆ ಬೇಗ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ದಿನವೇ ಇಂಟರ್‌ಲಾಕ್ ಮಾಡಿಸಿ. ರೇಷ್ಮೆ ಇದ್ದರೆ ನೆನೆಸಬೇಡಿ. ಮೂಲೆಯೊಂದನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಬಿಟ್ಟರೆ ಬಿಳಿ ಅಸ್ತರ್ ಬೇಡ.

ಕೊನೆಯದಾಗಿ ನೀವು ಕೇಳಿದ 44 ಪನ್ನದ ಲೆಕ್ಕ. ಮಾರ್ಜಿನ್ ಸೇರಿ ಮುಂಭಾಗದ ಅಂಚು ಸುಮಾರು 36½, ಹಿಂಭಾಗ 39½. ಒಂದು ಉದ್ದದಲ್ಲಿ ಒಂದೇ ಭಾಗ ಕೂರುತ್ತದೆ. ಒಂದೊಂದು ಉದ್ದಕ್ಕೆ 42 ಇಂಚು ಹಿಡಿದರೆ ಎರಡಕ್ಕೆ 84. ನೆನೆಸಿ ಕುಗ್ಗುವುದನ್ನು ಸೇರಿಸಿ 2½ ಮೀಟರ್ ತನ್ನಿ. ಮುಂಭಾಗದ ಪಕ್ಕದಲ್ಲಿ 7 ಇಂಚು ಅಗಲದ ಪಟ್ಟಿ ಉಳಿಯುತ್ತದೆ, ಅದರಲ್ಲೇ ಬೆಲ್ಟ್ ಕತ್ತರಿಸಿ, ಹಾಸಿನ ಎಳೆಗೆ ನೇರವಾಗಿ. ಉದ್ದ 36½, ಹುಕ್ಕಿಗೆ ಅದರಲ್ಲೇ 1½ ಇಂಚು ಇದೆ. ಎರಡು ತುದಿಗೂ ಅರ್ಧರ್ಧ ಇಂಚು ಮಾರ್ಜಿನ್ ಬೇರೆ. ಬೆಲ್ಟ್ ಗಟ್ಟಿಯಾಗಿ ನಿಲ್ಲಲು ಒಳಗೆ ಪೇಸ್ಟಿಂಗ್ (ಇಸ್ತ್ರಿ ಮಾಡಿ ಅಂಟಿಸುವ ಬಟ್ಟೆ) ಹಚ್ಚಿ. ಚೈನ್ ಎಡ ಪಕ್ಕದಲ್ಲಿ ಇರಲಿ, 8 ಇಂಚಿನದು. ಅದಕ್ಕಿಂತ ಚಿಕ್ಕದು ಹಾಕಿದರೆ ಸ್ಕರ್ಟ್ ಸೀಟ್ ದಾಟುವಾಗ ಚೈನ್‌ನ ಬುಡದಲ್ಲಿ ಹೊಲಿಗೆ ಹರಿಯುತ್ತದೆ.